ಪಟ್ಟಿಯಲ್ಲಿಲ್ಲದ ಪಾಠ

ಮೇ ತಿಂಗಳ ಒಂದು ಗುರುವಾರ ನಾನು ಪಾನ್ ವಿತೋಲ್ಡರನ್ನು ನನ್ನ ಅಡುಗೆಮನೆಯಿಂದ ಹೊರಗೆ ಕಳಿಸಿದೆ. ತಪ್ಪು ಅವರದೇ. ಈಗಲೂ ಹಾಗೇ ಹೇಳುತ್ತೇನೆ.

ನನ್ನ ಮಗಳು ಕಲಿನಾಗೆ ಹದಿನೈದು. ಮಾತಾಡುವಾಗ ಉಗ್ಗುತ್ತಾಳೆ. ಶಾಲೆಯಲ್ಲಿ ಅಣಕಿಸಿ ಅಣಕಿಸಿ ಅವಳ ಬಾಯಿ ಮುಚ್ಚಿಸಿದ್ದರು. ಮನೆಯಲ್ಲೇ ಓದಿಸುತ್ತೇನೆಂದು ಬರೆದುಕೊಟ್ಟು ಕರೆತಂದೆ. ಹಾಗೆ ಓದುವ ಮಕ್ಕಳು ವರ್ಷಕ್ಕೊಮ್ಮೆ ಶಾಲೆಗೆ ಹೋಗಿ ಪರೀಕ್ಷೆ ಕೊಡಬೇಕು, ಅರ್ಧ ಬರಹದಲ್ಲಿ, ಅರ್ಧ ಬಾಯಿಮಾತಿನಲ್ಲಿ. ಫೇಲಾದರೆ ಮತ್ತೆ ಅದೇ ಬೆಂಚು. ಇತಿಹಾಸ, ಭಾಷೆ ನಾನೇ ಹೇಳಿಕೊಟ್ಟೆ. ಬಹುಪದೋಕ್ತಿಗಳನ್ನು ಅಪವರ್ತಿಸುವ ಪಾಠ ಬಂದಾಗ ಕೈಚೆಲ್ಲಿ, ಮೇಲಿನ ಮಹಡಿಯ ಸರ್ವೆಯರ್ ಪಾನ್ ವಿತೋಲ್ಡರ ಬಾಗಿಲು ತಟ್ಟಿದೆ. ನಮ್ಮಲ್ಲಿ ಗಂಡಸರ ಹೆಸರಿಗೆ ಪಾನ್, ಹೆಂಗಸರ ಹೆಸರಿಗೆ ಪಾನಿ ಸೇರಿಸಿ ಕರೆಯುವುದೇ ಮರ್ಯಾದೆ.

ಪ್ರತಿ ಗುರುವಾರ ಇಸ್ತ್ರಿ ಶರಟು ತೊಟ್ಟು ಬರುತ್ತಿದ್ದರು.

"ಎರಡು ಸಂಖ್ಯೆ ಹುಡುಕು. ಗುಣಿಸಿದ್ರೆ ಆರು, ಕೂಡಿಸಿದ್ರೆ ಮೈನಸ್ ಐದು. ಬಾಯಿಬಿಟ್ಟು ಹೇಳು."

"ಮೈ... ಮೈನಸ್ ಒಂದು, ಮೈನಸ್ ಆರು."

"ಕೂಡಿಸಿ ನೋಡು."

"ಅಯ್ಯೋ, ಮೈನಸ್ ಏಳು! ಮೈನಸ್ ಎ... ಎರಡು, ಮೈನಸ್ ಮೂರು."

ಅವಳು ತಡವರಿಸಿದಾಗ ಉಳಿದದ್ದನ್ನು ಅವರೇ ಹೇಳಿ ಮುಗಿಸುತ್ತಿರಲಿಲ್ಲ. ಕಾಯುತ್ತಿದ್ದರು. ಕಾಯುವಾಗ ಕಣ್ಣು ಮೆಲ್ಲಗೆ ನನ್ನ ಕಡೆ ಹೊರಳುತ್ತಿತ್ತು.

"ಏನು ನೋಡ್ತಿದೀರಿ?"

"ನಿಮ್ಮ ಮೂಗಿನ ಮೇಲೆ ಹಿಟ್ಟಿದೆ, ಪಾನಿ ಲುಡ್ಮಿಲಾ."

"ನೀವು ಲೆಕ್ಕ ನೋಡಿ."

ಒರೆಸಿಕೊಳ್ಳಲು ನಾನು ಯಾವತ್ತೂ ಅವಸರ ಮಾಡಲಿಲ್ಲ. ನನಗೆ ನಲವತ್ತೊಂದು ವಯಸ್ಸು, ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಆ ಗುರುವಾರ ಶಾಲೆಯಿಂದ ಪರೀಕ್ಷೆಯ ಪಾಠಪಟ್ಟಿ ಬಂತು. ಎರಡು ಸಲ ಓದಿದೆ.

"ಮೂರು ತಿಂಗಳಿಂದ ಮೂರನೇ ಘಾತದ ಬಹುಪದೋಕ್ತಿ ಮಾಡಿಸ್ತಿದೀರಲ್ಲ, ಅದು ಇಲ್ಲಿ ಎಲ್ಲೂ ಇಲ್ಲ. ನಿಮಗೆ ಗೊತ್ತಿತ್ತಾ?"

ಅವರ ಕಿವಿ ಕೆಂಪಾಯಿತು. "ಗೊತ್ತಿತ್ತು. ಬೇಕಾದ ಪಾಠ ಫೆಬ್ರವರಿಯಲ್ಲೇ ಮುಗೀತು. ಬಾಯಿಬಿಟ್ಟು ಮಾತಾಡೋದು ಅಭ್ಯಾಸ ಆಗ್ಲಿ ಅಂತ..." ಪೆನ್ಸಿಲ್ ಕೆಳಗಿಟ್ಟರು. "ಅದು ನೆಪ. ಪಾಠ ಮುಗೀತು ಅಂದಿದ್ರೆ ಈ ಮನೆಗೆ ನಾನು ಹೇಗೆ ಬರ್ತಿದ್ದೆ?"

ನನಗೆ ಖುಷಿಯಾಯಿತು. ಖುಷಿಯಾಯಿತೆಂದೇ ಇನ್ನಷ್ಟು ಸಿಟ್ಟು ಬಂತು.

"ಇತಿಹಾಸದಲ್ಲಿ ಇನ್ನೂ ಎರಡು ಅಧ್ಯಾಯ ಬಾಕಿ ಇದೆ. ನಿಮ್ಮ ಆಸೆಗೆ ನನ್ನ ಮಗಳ ಮೂರು ತಿಂಗಳು ತಗೊಂಡ್ರಾ? ಇನ್ನು ಬರಬೇಡಿ."

ತಲೆ ತಗ್ಗಿಸಿ ಹೊರಟುಹೋದರು. ಕಲಿನಾ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಇತಿಹಾಸವನ್ನೇನೋ ಹೇಗೋ ಮುಗಿಸಿದೆವು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದಾಗೆಲ್ಲ ನಾನು ಲಟ್ಟಣಿಗೆ ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಜೂನ್‌ನಲ್ಲಿ ಪರೀಕ್ಷೆ. ಗಣಿತದ ಬಾಯಿಪರೀಕ್ಷೆ ನಡೆಯುತ್ತಿದ್ದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಹೊರಗೆ ನಿಂತಿದ್ದೆ. ಅಪವರ್ತಿಸಲು ಒಂದು ಲೆಕ್ಕ ಕೊಟ್ಟರು. ಕಲಿನಾ ಶುರುಮಾಡಿದಳು, ನಡುವೆ ಸಿಕ್ಕಿಕೊಂಡಳು. ಒಬ್ಬ ಮೇಷ್ಟ್ರು ಕನಿಕರದಿಂದ ಅವಳ ಮಾತನ್ನು ತಾವೇ ಪೂರ್ತಿ ಮಾಡಲು ಹೋದರು.

"ದ... ದಯವಿಟ್ಟು ಕಾಯಿರಿ," ಎಂದಳು ನನ್ನ ಮಗಳು. "ನಾನೇ ಹೇಳ್ತೀನಿ."

ಅವರು ಕಾದರು. ಅವಳು ಉಗ್ಗುತ್ತಲೇ ಕೊನೆಯವರೆಗೂ ಹೇಳಿದಳು. ಗೋಡೆಗೆ ಒರಗಿ ನಾನು ಅತ್ತುಬಿಟ್ಟೆ. ಆ ಮೂರು ತಿಂಗಳು ಎಲ್ಲಿ ಹೋಯಿತೆಂದು ಆಗ ತಿಳಿಯಿತು.

ಅದೇ ಕೊನೆಯ ಪರೀಕ್ಷೆ, ಫಲಿತಾಂಶ ಅಲ್ಲೇ ಹೇಳಿದರು. ಹೊರಗೆ ಬಂದವಳೇ ಕೇಳಿದಳು, "ಪಾ... ಪಾಸಾದೆ ಅಂತ ಮೇಲಿನ ಮನೆಗೆ ಯಾರಮ್ಮಾ ಹೇಳ್ತಾರೆ?"

"ನಾನೇ."

ನಮ್ಮಲ್ಲಿ ಪಾನ್, ಪಾನಿ ಬಿಟ್ಟು ಬರಿಯ ಹೆಸರು ಹಿಡಿದು 'ನೀನು' ಎನ್ನಬೇಕಾದರೆ ಹೆಂಗಸೇ ಮೊದಲು ಕೇಳಬೇಕು. ತೋಳಿಗೆ ತೋಳು ಹೆಣೆದು ಇಬ್ಬರೂ ಒಟ್ಟಿಗೆ ಕುಡಿಯಬೇಕು. ಗಂಡಸು ಕೇಳುವಂತಿಲ್ಲ, ಎಷ್ಟು ವರ್ಷವಾದರೂ ಸುಮ್ಮನಿರಬೇಕು. ನಾನು ಚೆರ್ರಿ ಮದ್ಯದ ಬಾಟಲಿ, ಎರಡು ಪುಟ್ಟ ಲೋಟ ಹಿಡಿದು ಮೆಟ್ಟಿಲು ಹತ್ತಿದೆ.

"ಪಾಸಾದಳು. 'ಕಾಯಿರಿ' ಅಂದಳು ಅವರಿಗೆ."

ಅವರು ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಹಾಗಾದ್ರೆ ಇನ್ನು ಪಾಠ ಇಲ್ಲ, ಪಾನಿ ಲುಡ್ಮಿಲಾ."

"ಇಲ್ಲ. ತೋಳು ಕೊಡಿ."

ಲೋಟ ನೋಡಿದರು, ನನ್ನನ್ನು ನೋಡಿದರು. ತೋಳು ಹೆಣೆಯುವಾಗ ಅವರ ಲೋಟ ವಾಲಿ ಅರ್ಧ ಮದ್ಯ ಶರಟಿನ ಮೇಲೆ ಚೆಲ್ಲಿತು. ಉಳಿದರ್ಧ ಕುಡಿದೆವು.

"ವಿತೋಲ್ಡ್," ಎಂದೆ, "ನಾಳೆ ಬಾ. ಸುಮ್ನೆ ಬಾ."