ಖಾಲಿ ಕುರ್ಚಿಗೆ ಬಂದವನು

"ಉಸಿರು ಬಿಗಿ ಹಿಡೀರಿ ಅಂದೆ. ಊದಿ ಅನ್ನಲಿಲ್ಲ!"

ಅವಳ ದನಿಗೆ ಇಡೀ ಹಾಲ್ ತಿರುಗಿ ನೋಡಿತು. ಐದನೇ ಮೇಜಿನವನ ಉಸಿರಿಗೆ ಚಿಮುಟದಿಂದ ಸಿಡಿದ ಸ್ಕ್ರೂ ಸಾಸಿವೆಗಿಂತಲೂ ಸಣ್ಣದು. ಎಲ್ಲಿ ಹಾರಿತೋ ಆ ದೇವರೇ ಬಲ್ಲ.

"ಸಾರಿ..." ಅವನು ತಲೆ ಎತ್ತಿದ. ಎಲ್ಲರ ಹಾಗೆ ಬಿಳಿ ಕೋಟು, ದಪ್ಪ ಬೆರಳು, ಶಾಂತವಾದ ಕಣ್ಣು.

ಅವಳ ಎದೆ ಒಂದು ಗಳಿಗೆ ಝಲ್ಲೆಂದಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಛೆ! ಇಂಥವರ ಕಣ್ಣಿಗೆ ಕರಗೋದಾ ನಾನು?

ಅದು ದುಬಾರಿ ಗಡಿಯಾರ ಪ್ರಿಯರ ಕೂಟ. ಒಬ್ಬೊಬ್ಬರ ಮಣಿಕಟ್ಟಿನಲ್ಲೂ ಒಂದೊಂದು ಮನೆಯ ಬೆಲೆ. ಆದರೆ ಟೈಮ್ ಎಷ್ಟು ಅಂದರೆ ಜೇಬಿನಿಂದ ಫೋನ್ ತೆಗೆಯುವ ಮಂದಿ! ಇವತ್ತು ಅವರಿಗೆ ಹೊಸ ಖಯಾಲಿ: ಗಡಿಯಾರವನ್ನು ತಾವೇ ಬಿಚ್ಚಿ, ತಾವೇ ಜೋಡಿಸುವುದು. ಕಲಿಸಲು ಬಂದವಳು ಇವಳು, ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ರಿಪೇರಿಯವಳು. ಅಪ್ಪನ ಕಣ್ಣು ಮಂಜಾದ ಮೇಲೆ ಅವರ ಕುರ್ಚಿಯಲ್ಲಿ ಕೂತವಳು.

'ಕಾರ್ಯಕ್ರಮ ಚೆನ್ನಾಗಿ ಆದ್ರೆ ನಮ್ಮ ಸದಸ್ಯರ ರಿಪೇರಿ ಎಲ್ಲಾ ನಿನಗೇ' ಎಂದಿದ್ದರು ಕೂಟದ ಅಧ್ಯಕ್ಷರು. ಅದಕ್ಕೇ ಬಂದಿದ್ದಳು, ಹಲ್ಲು ಕಚ್ಚಿಕೊಂಡು.

ಒಂದನೇ ಮೇಜಿನವರು ಚಿಮುಟದಲ್ಲಿ ಉಗುರಿನ ಕೊಳೆ ತೆಗೆಯುತ್ತಿದ್ದರು. ಮೂರನೆಯವರು ಏನನ್ನೂ ಬಿಚ್ಚದೆ ಹನ್ನೊಂದು ಫೋಟೋ ತೆಗೆಸಿಕೊಂಡಿದ್ದರು. ಐದನೆಯವನು ಮಾತ್ರ ವಿಚಿತ್ರ. ಗಡಿಯಾರದ ಯಂತ್ರವನ್ನು ಮೇಜಿನ ಮೇಲಿಟ್ಟು, ಬಗ್ಗಿ, ಹಲಗೆಗೆ ಕಿವಿ ಹಚ್ಚಿದ!

"ಏನ್ರೀ ಮಾಡ್ತಿದ್ದೀರಾ?"

"ಕೇಳಿಸ್ಕೊಳ್ತಿದ್ದೀನಿ."

ಎಲ್ಲರೂ ಗೊಳ್ಳೆಂದರು. ಇವಳ ನಾಲಿಗೆಗೆ ಅಷ್ಟೇ ಸಾಕಾಯಿತು.

"ಇದು ಕಣ್ಣಿನ ಕೆಲಸ, ಸ್ವಾಮಿ. ನಿಮ್ಮಂಥವರಿಗೆ ಕೈಯಿಂದ ದುಡಿಯೋದು ಅಂದ್ರೆ ತಮಾಷೆ ಅಲ್ವಾ? ಮನೆಯಲ್ಲಿ ಹೊತ್ತು ಹೋಗದಿದ್ರೆ ನಿದ್ದೆ ಮಾಡಿ. ನನ್ನ ಮೇಜು ಯಾಕೆ ಹಾಳು ಮಾಡ್ತೀರಾ?"

ಅವನ ಮುಖ ಕೆಂಪಗಾಯಿತು. ಚಿಮುಟವನ್ನು ಮೆಲ್ಲಗೆ ಕೆಳಗಿಟ್ಟ.

ಹೇಳಿದ್ದು ಸರಿಯಾಗೇ ಇದೆ, ಅಂದುಕೊಂಡಳು. ಆದರೂ... ಅವನು ಕೆಳಗಿಟ್ಟ ಆ ಚಿಮುಟ ಯಾಕೋ ಚುಚ್ಚಿತು.

ಅಷ್ಟರಲ್ಲಿ ಅಧ್ಯಕ್ಷರು ತಮ್ಮ ಗಡಿಯಾರ ಕಳಚಿ ಅವಳ ಮುಂದಿಟ್ಟರು. "ಇದನ್ನ ತೆಗೆದು ಎಲ್ಲರಿಗೂ ತೋರ್ಸು. ಕಂಪನಿಯಿಂದ ಬಂದ ಮೇಲೆ ಯಾರೂ ಮುಟ್ಟಿಲ್ಲ. ಪರಿಶುದ್ಧ!"

ಹಿಂಬದಿಯ ಮುಚ್ಚಳ ತೆಗೆದು, ಟಿಕ್ ಟಿಕ್ ಅಳೆಯುವ ತಪಾಸಣೆ ಯಂತ್ರದ ಮೇಲೆ ಇಟ್ಟಳು. ಪರದೆಯ ಮೇಲೆ ಎರಡು ಗೆರೆ ಒಂದಕ್ಕೊಂದು ಅಂಟಿಕೊಂಡು ಓಡಬೇಕು. ಇವು ದೂರ ದೂರ ಓಡಿದವು, ಮಾತು ಬಿಟ್ಟ ಓರಗಿತ್ತಿಯರ ಹಾಗೆ.

"ಸರ್... ಇದರ ಟಿಕ್ ಟಿಕ್ ಸಮ ಇಲ್ಲ. ಕುಂಟ್ತಿದೆ."

"ಏನು? ನೀನು ಮುಟ್ಟಿದ ಮೇಲೆ ಕುಂಟಿತು!" ಅಧ್ಯಕ್ಷರು ಗುಡುಗಿದರು. "ಮೆಟ್ಟಿಲ ಕೆಳಗಿನವಳನ್ನ ಮೇಲೆ ಕರೆದರೆ ಹೀಗೇ ಆಗೋದು! ನಾಳೆಯಿಂದ ಯಾರು ನಿನ್ನ ಅಂಗಡಿಗೆ ಬರ್ತಾರೋ ನೋಡ್ತೀನಿ!"

ಅಪ್ಪ ನಲವತ್ತು ವರ್ಷ ಕಾಪಾಡಿದ ಹೆಸರು...

"ಅದು ಬೆಳಿಗ್ಗೆನೇ ಕುಂಟ್ತಿತ್ತು."

ಐದನೇ ಮೇಜಿನವನು ಎದ್ದು ನಿಂತಿದ್ದ.

"ಕಾಫಿ ಕುಡಿಯುವಾಗ ಅದನ್ನ ಆ ಮೂಲೆಯ ಪಿಯಾನೊ ಮುಚ್ಚಳದ ಮೇಲೆ ಇಟ್ರಲ್ಲ ಸರ್. ನಾನು ಪಿಯಾನೊ ಒಳಗೆ ತಲೆ ಹಾಕಿಕೊಂಡು ಕೆಲಸ ಮಾಡ್ತಿದ್ದೆ. ಮರದಲ್ಲಿ ಸ್ಪಷ್ಟವಾಗಿ ಕೇಳಿಸ್ತು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ."

"ನೀನ್ಯಾರಯ್ಯ ಹೇಳೋಕೆ?" ಅಧ್ಯಕ್ಷರು ಎಲ್ಲರ ಕಡೆ ತಿರುಗಿ ನಕ್ಕರು. "ಇವನು ಪಿಯಾನೊ ಸರಿ ಮಾಡೋ ಕೂಲಿ ಕಣ್ರೀ! ಫೋಟೋದಲ್ಲಿ ಕುರ್ಚಿ ಖಾಲಿ ಕಾಣಬಾರದು ಅಂತ ಕೋಟು ಹಾಕಿ ಕೂರಿಸಿದ್ದು!"

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಕೈಯಿಂದ ದುಡಿಯುವವನಿಗೇ ನಾನು...!

ಆದರೆ ಅವನ ಮಾತು ಅವಳ ಬೆನ್ನನ್ನು ನೆಟ್ಟಗೆ ಮಾಡಿತ್ತು. ಗಡಿಯಾರದ ಮುಚ್ಚಳವನ್ನು ದೀಪಕ್ಕೆ ಹಿಡಿದಳು.

"ಸರ್, ರಿಪೇರಿಯವರು ಮುಚ್ಚಳದ ಒಳಗೆ ಸೂಜಿಯಲ್ಲಿ ತಾರೀಖು ಗೀಚ್ತಾರೆ. ಇಲ್ಲಿದೆ ನೋಡಿ. ಹೋದ ವರ್ಷದ್ದು. ನನ್ನ ಕೈಬರಹ ಅಲ್ಲ."

ಅಧ್ಯಕ್ಷರ ಬಾಯಿ ತೆರೆದೇ ಉಳಿಯಿತು. ಮಾತು ಬಂದದ್ದು ಹಿಂದೆ ಕೂತಿದ್ದ ಅವರ ಹೆಂಡತಿಯಿಂದ.

"ಬಚ್ಚಲಲ್ಲಿ ಬೀಳಿಸಿಕೊಂಡು ರಿಪೇರಿ ಮಾಡಿಸಿದ್ರಲ್ಲ, ಹೇಳ್ಬಿಡಿ ಅತ್ಲಾಗೆ!"

ಸದಸ್ಯರ ನಗುವಿಗೆ ಗಾಜಿನ ಲೋಟಗಳು ಅದುರಿದವು. ಐದು ನಿಮಿಷದ ಹಿಂದೆ ಅಧ್ಯಕ್ಷರ ಬೆನ್ನು ತಟ್ಟುತ್ತಿದ್ದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಥೂ, ಏನು ಜನವಪ್ಪಾ!

ಅವಳು ತಿರುಗಿ ನೋಡುವಷ್ಟರಲ್ಲಿ ಐದನೇ ಕುರ್ಚಿಯ ಮೇಲೆ ಬಿಳಿ ಕೋಟು ಮಡಿಸಿಟ್ಟಿತ್ತು. ಅವನಿರಲಿಲ್ಲ.

* * *

"ನಾಲಿಗೆ ಇದೆ ಅಂತ ಸಿಕ್ಕವರ ಮೇಲೆಲ್ಲ ಹರಿಬಿಡ್ತೀಯಲ್ಲ," ಎಂದಳು ಮನೆಯಲ್ಲಿ ಅವಳ ಅಕ್ಕ. "ಮೂರು ದಿನದಿಂದ ಊಟ ಕೆದಕ್ತಿದ್ದೀಯ. ಹೋಗಿ ಕ್ಷಮೆ ಕೇಳು, ಹೋಗು!"

ಆ ಹಾಲ್ ನೋಡಿಕೊಳ್ಳುವವರನ್ನು ಕೇಳಿ ಅವನ ವಿಳಾಸ ಹಿಡಿದಳು. ಸಂಗೀತ ಶಾಲೆಯ ಮೂಲೆ ಕೋಣೆಯಲ್ಲಿ, ಬಿಚ್ಚಿದ ಪಿಯಾನೊ ಮುಂದೆ ಅವನು ಕೂತಿದ್ದ.

"ಅವತ್ತು... ತಪ್ಪಾಯ್ತು. ನೀವು ಅವರಲ್ಲಿ ಒಬ್ಬರು ಅಂದ್ಕೊಂಡೆ."

ಅವನು ತಂತಿ ಬಿಗಿಯುವುದನ್ನು ನಿಲ್ಲಿಸಿದ. ಈ ಸಲ ಆ ಕಣ್ಣು ಶಾಂತವಾಗಿರಲಿಲ್ಲ.

"ನಾನು ನಿಜವಾಗ್ಲೂ ಶ್ರೀಮಂತ ಆಗಿದ್ರೆ, ಕ್ಷಮೆ ಕೇಳೋಕೆ ಬರ್ತಿದ್ರಾ?"

ಬೆಣ್ಣೆಯಂಥ ಸುಳ್ಳೊಂದು ಬಾಯಿಗೆ ಬಂತು. ನುಂಗಿಕೊಂಡಳು.

"ಇಲ್ಲ... ಬರ್ತಿರಲಿಲ್ಲ."

"ಅಧ್ಯಕ್ಷರಿಗೆ ಬಡವರನ್ನ ಕಂಡರೆ ತಾತ್ಸಾರ. ನಿಮಗೆ ಶ್ರೀಮಂತರನ್ನ ಕಂಡರೆ. ನಡುವೆ ಕೂತಿದ್ದವನಿಗೆ ಎರಡು ಕಡೆಯಿಂದಲೂ ಬಿತ್ತು."

ಅವಳ ಕಣ್ಣು ತುಂಬಿತು. ಬಾಗಿಲ ಕಡೆ ತಿರುಗಿದಳು.

"ಏನ್ರೀ..." ಹಿಂದಿನಿಂದ ದನಿ. "ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ನೀವು. ಈ ಟಾರ್ಚ್ ಸ್ವಲ್ಪ ಹಿಡ್ಕೊತೀರಾ? ಕೆಳಗಿನ ತಂತಿ ಕಾಣ್ತಿಲ್ಲ."

ಹಿಡಿದಳು. ಎರಡು ತಾಸು ಹಿಡಿದಳು! ತೋಳು ನೋಯಿತು, ಆದರೆ 'ಸಾಕು' ಅನ್ನಲು ಮನಸ್ಸೇ ಬರಲಿಲ್ಲ.

ಆಮೇಲೆ ಅವನು ಕೆಲಸ ಮುಗಿಸಿ ಬರುವಾಗ ಅಂಗಡಿಯ ದಾರಿ ಹಿಡಿಯತೊಡಗಿದ. ಅಪ್ಪ ಅಂಗಡಿಯ ಮೂಲೆಯಲ್ಲಿ ಕೂತು ಒಂದು ವಾರ ಲೆಕ್ಕ ಹಾಕಿದರು.

"ದಿನಾ ಬರ್ತಾನೆ, ಏನೂ ರಿಪೇರಿಗೆ ಕೊಡಲ್ಲ," ಎಂದರು ಕೊನೆಗೊಂದು ಸಂಜೆ. "ನನಗೆ ಕಣ್ಣು ಮಂಜಾಗಿರಬಹುದು, ಬುದ್ಧಿ ಅಲ್ಲ. ನಾನು ಒಂದು ಸುತ್ತು ಹೋಗಿ ಬರ್ತೀನಪ್ಪ." ಕೋಲು ಹಿಡಿದು ಬೇಕೆಂದೇ ನಿಧಾನವಾಗಿ ಹೊರಟರು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಅವಳು ಒರೆಸಿದ ಗಾಜನ್ನೇ ಮತ್ತೆ ಒರೆಸಿದಳು.

"ನನಗೆ... ಯಾರೂ ಅಷ್ಟು ಸುಲಭವಾಗಿ ಇಷ್ಟ ಆಗಲ್ಲ," ಅಂದಳು ತಲೆ ಎತ್ತದೆ.

"ಗೊತ್ತು."

"ಜನರಲ್ಲಿ ತಪ್ಪೇ ಮೊದಲು ಕಾಣುತ್ತೆ. ಕೆಟ್ಟ ಬುದ್ಧಿ."

"ಅದೂ ಗೊತ್ತು."

"ಆದ್ರೂ ನೀವು ಬರೋದು ಹತ್ತು ನಿಮಿಷ ತಡವಾದ್ರೆ ನಾನು ಬಾಗಿಲಲ್ಲಿ ನಿಂತಿರ್ತೀನಿ. ಇದಕ್ಕೇನು ಅಂತಾರೋ..."

ಅವನು ಅವಳ ಕೈಯಿಂದ ಬಟ್ಟೆ ತೆಗೆದು ಪಕ್ಕಕ್ಕಿಟ್ಟ.

"ನನಗೂ ಅದೇ ಆಗಿದೆ. ಅದಕ್ಕೇ ಇವತ್ತು ಓಡಿ ಬಂದೆ."

ಅವಳು ನಗುತ್ತಲೇ ಅತ್ತಳು.

"ಇನ್ನೂ ಎಷ್ಟು ದಿನ 'ನೀವು' ಅಂತೀರಾ?" ಎಂದ ಅವನು.

"ಮತ್ತೆ?"

"'ನೀನು' ಅನ್ನಿ."

"ನೀನು..." ಅವಳ ಕೆನ್ನೆ ಬಿಸಿಯಾಯಿತು. "ಮುಂದೆ?"

"ಮುಂದಿನದು ನಾನು ಹೇಳ್ತೀನಿ. ನೀನು ಹತ್ತಿರ ಬಾ."