ಓಕ್ ಮರದಡಿಯ ಬಿಸಿಲ ಚುಕ್ಕಿಗಳು

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಬ್ಯಾಂಡು ಶುರುವಾಯಿತೆಂದು ಎಲ್ಲರೂ ಆಚೆ ಓಡಿದಾಗ, ಇಂಗ್ಲೆಂಡಿನ ಸಸೆಕ್ಸಿನ ಆ ಹಳ್ಳಿಯ ತರಕಾರಿ ಪ್ರದರ್ಶನದ ಡೇರೆಯಲ್ಲಿ ಪಾದ್ರಿಗಳ ಸೋರೆಕಾಯಿಯ ಕೊಲೆಯಾಯಿತು. ಅದೇನು ಸಾಮಾನ್ಯ ಕಾಯಿಯೇ? ಹೊತ್ತು ತಂದ ಆರು ಆಳುಗಳಲ್ಲಿ ನಾಲ್ವರ ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ! ಸೀಳಿದ ಕಾಯಿಯಲ್ಲಿ ಮುದುಕ ಹನಿಸೆಟ್ಟನ ಚಾಕು ನಾಟಿತ್ತು.

ಮರುದಿನ ಸಂಜೆಯೊಳಗೆ ಅವನಿಗೆ ಕೊಟ್ಟಿದ್ದ ತರಕಾರಿ ಮಡಿ ಕಿತ್ತುಕೊಳ್ಳುವುದೆಂದು ಪಾದ್ರಿಗಳ ಮುಂದಾಳತ್ವದ ಪ್ರದರ್ಶನ ಸಮಿತಿ ಅಂದೇ ಹೇಳಿಬಿಟ್ಟಿತು.

"ಮೂವತ್ತು ವರ್ಷ ಅಗೆದ ಮಣ್ಣು ಕಣಯ್ಯಾ. ಬೆಳಿಗ್ಗೆ ಎದ್ದು ಇನ್ನೆಲ್ಲಿಗೆ ಹೋಗ್ಲಿ? ಆ ಚಾಕು ನನ್ನ ಶೆಡ್ಡಿಂದ ಯಾರೋ ಎತ್ಕೊಂಡು ಹೋಗಿದ್ದು" ಎಂದು ಅವನು ಹೆಂಡದಂಗಡಿಯ ಪಿಲ್‌ಬೀಮನೆದುರು ಅತ್ತ.

ಪಿಲ್‌ಬೀಮ್ ಸುಮ್ಮನಿರುವ ಆಸಾಮಿಯೇ? ಅಗಸಗಿತ್ತಿ ಥಿರ್ಜಾ ಭೇದಿಸಿದ ಮುನ್ನೂರು ಪ್ರಕರಣಗಳಿಗೂ ತಾನೇ ಬಲಗೈ ಎಂದು ಸಾರಿದವನು. ಅದೇ ವಾರ ಬುಧವಾರದ ಸೂರ್ಯಗ್ರಹಣವನ್ನು ಊರೆಲ್ಲ ಗುಡ್ಡ ಹತ್ತಿ ನೋಡಿದಾಗ, ತಾನು ದಿಟ್ಟಿಸಿದ್ದಕ್ಕೇ ಸೂರ್ಯ ಹೆದರಿ ಅಡಗಿದನೆಂದವನು. ಥಿರ್ಜಾಳ ಮನೆಗೆ ಗಾಳಿಯಂತೆ ಹಾರಿದ.

"ಅನುಮಾನ ಯಾರ ಮೇಲೆ?" ಎಂದಳು ಥಿರ್ಜಾ.

"ಒಂಬತ್ತು ವರ್ಷದಿಂದ ಎರಡನೇ ಬಹುಮಾನ ನುಂಗ್ತಿರೋ ಏಕ್‌ಹರ್ಸ್ಟ್ ಮೇಲೆ. ಆದ್ರೆ ಆ ಹೊತ್ತಿಗೆ ಮನೇಲೇ ಇದ್ದೆ ಅನ್ನೋಕೆ ಅವನ ಹತ್ರ ಫೋಟೋ ಇದೆ ಥಿರ್ಜಾ!"

ಮರುದಿನ ಭಾನುವಾರ ಎಲ್ಲರೂ ಏಕ್‌ಹರ್ಸ್ಟನ ಓಕ್ ಮರದಡಿ ಸೇರಿದರು. ತಕ್ಷಣ ಚಿತ್ರ ಕೊಡುವ ಕ್ಯಾಮೆರಾದಲ್ಲಿ ತಾನೇ ತೆಗೆದುಕೊಂಡ ಫೋಟೋವನ್ನು ಅವನು ಮೆರೆಸಿದ. ಮರದಡಿ ಬಿಳಿ ಅಂಗಿ ತೊಟ್ಟು ಚಹಾ ಕುಡಿಯುತ್ತಿದ್ದಾನೆ. ಹಿಂದೆ ಚರ್ಚಿನ ಗಡಿಯಾರದಲ್ಲಿ ಸರಿಯಾಗಿ ಹನ್ನೊಂದು.

"ಶನಿವಾರದ್ದೇ. ಬಟ್ಟೆ ಒಗೆಯೋಳಿಗೆ ಇನ್ನೇನು ಬೇಕು?"

"ಬಟ್ಟೆಯೇ ಬೇಕು" ಎಂದು ಥಿರ್ಜಾ ಹುಲ್ಲಿನ ಮೇಲೆ ಬಿಳಿ ಹೊದಿಕೆ ಹಾಸಿದಳು. ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕಿಗಳು ಬಿದ್ದವು. "ಹೇಗಿವೆ?"

"ದುಂಡಗೆ" ಎಂದರು ಪಾದ್ರಿಗಳು.

"ಒಂದೊಂದು ಚುಕ್ಕಿಯೂ ಸೂರ್ಯನ ಪಡಿಯಚ್ಚು. ಸೂರ್ಯ ದುಂಡಗಿದ್ದಾನೆ, ಅದಕ್ಕೆ. ಈಗ ಅಂಗಿ ನೋಡಿ."

ಫೋಟೋದ ಅಂಗಿಯ ತುಂಬ ನೂರಾರು ಪುಟ್ಟ ಕುಡುಗೋಲುಗಳು!

"ಬುಧವಾರ ಹನ್ನೊಂದಕ್ಕೆ ನೀವೆಲ್ಲ ಮೇಲೆ ನೋಡ್ತಿದ್ರಿ. ನಾನು ಹೊದಿಕೆ ಹರವ್ತಿದ್ದೆ. ಗ್ರಹಣ ಹಿಡಿದ ಸೂರ್ಯ ಕುಡುಗೋಲಿನ ಹಾಗಿದ್ದ. ಚುಕ್ಕಿಗಳೂ ಹಾಗೇ ಬಿದ್ವು. ಊರು ಖಾಲಿ, ನೋಡೋರಿಲ್ಲ ಅಂತ ಇವ್ನು ಆ ಹೊತ್ತಲ್ಲೇ ಫೋಟೋ ತೆಗ್ದ. ಶನಿವಾರ ಹನ್ನೊಂದಕ್ಕೆ ಬ್ಯಾಂಡು ಅಂತ ಮೊದ್ಲೇ ಗೊತ್ತಿತ್ತು. ಆದ್ರೆ ಕಾಯಿ ಸಾಯೋ ಗಂಟೆಗೆ ಮೂರು ದಿನ ಮುಂಚೆಯೇ ಸಾಕ್ಷಿ ತಯಾರು ಮಾಡಿಡೋನು ಯಾರು? ಕೊಂದೋನೇ!"

ಏಕ್‌ಹರ್ಸ್ಟ್ ಫೋಟೋವನ್ನು ಪಾದ್ರಿಗಳ ಕೈಗಿತ್ತ. "ಒಂದ್ಸಲ... ಒಂದೇ ಒಂದ್ಸಲ ಮೊದಲನೇ ಬಹುಮಾನ ಬೇಕಿತ್ತು, ಫಾದರ್."

ಊರವರ ಹರ್ಷೋದ್ಗಾರಕ್ಕೆ ಕಡಲಾಚೆ ಫ್ರಾನ್ಸಿನಲ್ಲಿ ಹಕ್ಕಿಗಳು ಹಾರಿದವೆಂದು ಪಿಲ್‌ಬೀಮ್ ಇಂದಿಗೂ ಆಣೆಯಿಡುತ್ತಾನೆ. ಪಾದ್ರಿಗಳು ಮುದುಕನ ಕೈ ಹಿಡಿದು, "ನಿನ್ನ ಮಡಿ ನಿನ್ನದೇ ಹನಿಸೆಟ್. ಏಕ್‌ಹರ್ಸ್ಟನದೂ ತಗೋ" ಎಂದರು.

"ಅಯ್ಯೋ, ಎರಡೆರಡು ಅಗೆಯೋಕೆ ಬೆನ್ನೆಲ್ಲಿದೆ ಫಾದರ್?"

"ಬೆನ್ನು ಅವನದು" ಎಂದ ಪಾದ್ರಿಗಳು ಏಕ್‌ಹರ್ಸ್ಟನ ಕೈಗೆ ಗುದ್ದಲಿ ಕೊಟ್ಟರು.