ಕರೆಂಟು ಕಾಯುವ ಅಜ್ಜಿ

“ಓವನ್ ಆಫ್ ಮಾಡಿದ್ದು ಯಾರು?”

ಸ್ನಾನ ಮುಗಿಸಿ ಒದ್ದೆ ಕೂದಲಲ್ಲೇ ಅಡುಗೆಮನೆಗೆ ಓಡಿ ಬಂದ ಪಟಾಕಿ ಕಿರುಚಿದಳು. ಸಿಟ್ಟು ಬಂದರೆ ಢಂ ಎನ್ನುತ್ತಾಳೆಂದು ಮನೆಯವರೇ ಅವಳಿಗೆ ಇಟ್ಟ ಹೆಸರು ಅದು.

ಓವನ್ನಿನ ದೀಪ ಆರಿತ್ತು. ಒಳಗೆ ಅವಳ ಕೇಕು ನಡುವೆ ಕುಸಿದು ಹಳ್ಳ ಬಿದ್ದಿತ್ತು. ಹಳ್ಳದಲ್ಲಿ ಹಸಿ ಹಿಟ್ಟು!

ಅವಳ ಬೆಂಚಿನ ಗೆಳತಿ ಶಾಲೆ ಬಿಟ್ಟು ಬೇರೆ ಊರಿಗೆ ಹೊರಟಿದ್ದಳು. ನಾಳೆಯೇ ಕೊನೆಯ ದಿನ. “ನಾನೇ ಕೇಕ್ ಮಾಡಿ ತರ್ತೀನಿ” ಎಂದು ಪಟಾಕಿ ಇಡೀ ಕ್ಲಾಸಿನ ಮುಂದೆ ಜಂಬ ಕೊಚ್ಚಿದ್ದಳು.

“ನಾನೇ ಕಣೇ ಆಫ್ ಮಾಡಿದ್ದು,” ಎಂದಳು ಪಕ್ಕದಲ್ಲೇ ನಿಂತಿದ್ದ ಅಜ್ಜಿ ಮೆಲ್ಲಗೆ. “ಅಲ್ಲಿ ಗೀಸರ್, ಅತ್ತ ಇಸ್ತ್ರಿ, ಇಲ್ಲಿ ಇದು. ಒಬ್ರೂ ನನ್ನನ್ನ ಒಂದು ಮಾತು ಕೇಳ್ಲಿಲ್ಲ. ನನ್ನ ಎದೆ ಧಸಕ್ ಅಂತು.”

ಅಜ್ಜಿಯ ಹೆದರಿಕೆ ಸುಳ್ಳಲ್ಲ. ಮನೆಯ ಹಳೇ ವೈರಿಂಗ್ ಅಂಥದ್ದು. ಇಂಥ ಎರಡನ್ನು ಒಟ್ಟಿಗೆ ಹಾಕಿದರೆ ಸಾಕು, ಫ್ಯೂಸ್ ಹೋಗುತ್ತಿತ್ತು. ಒಮ್ಮೆಯಂತೂ ಗೋಡೆಯೊಳಗೇ ವೈರ್ ಸುಟ್ಟು ಹೊಗೆ ಬಂದಿತ್ತು. ಅಂದಿನಿಂದ ಕರೆಂಟಿನ ಕಾರುಬಾರೆಲ್ಲ ಅಜ್ಜಿಯದು. ಮಂಡಿನೋವಿನ ಅಜ್ಜಿ ಹಾಲ್‌ನ ಕುರ್ಚಿಯಲ್ಲಿ ಕೂತೇ ಮನೆ ಆಳುತ್ತಿದ್ದಳು.

“ಅಮ್ಮಾ, ಇಸ್ತ್ರಿ ಹಾಕ್ಲಾ?” ಎಂದು ಅಪ್ಪ ಕೂಗಬೇಕು. “ತಾಳೋ, ನಿನ್ನ ಮಗಳು ಗೀಸರ್ ಹಾಕಿದ್ದಾಳೆ!” ಎಂದು ಅಜ್ಜಿ ಉತ್ತರ ಕೊಡಬೇಕು. ತಾಳಿ ತಾಳಿ ಅಪ್ಪ ಸುಕ್ಕು ಅಂಗಿಯಲ್ಲೇ ಆಫೀಸಿಗೆ ಹೋಗಿದ್ದೂ ಉಂಟು.

ಈ ವಾರ ಎಲೆಕ್ಟ್ರಿಷಿಯನ್ ಅಕ್ಕ ಗೋಡೆ ಕೊರೆದು ದಪ್ಪ ವೈರ್ ಎಳೆದರು. ದೊಡ್ಡ ಮೇನ್ ಬೋರ್ಡ್ ಕೂರಿಸಿದರು. ಗ್ಯಾಸ್ ಸಿಲಿಂಡರ್ ಹೋಯಿತು, ಕರೆಂಟ್ ಒಲೆ, ಓವನ್ ಬಂದವು. “ಇನ್ನು ಎಲ್ಲಾ ಒಟ್ಟಿಗೆ ಹಾಕ್ಕೊಳ್ಳಿ, ಏನೂ ಆಗಲ್ಲ” ಎಂದು ಹೇಳಿ ಇವತ್ತು ಬೆಳಿಗ್ಗೆಯಷ್ಟೇ ಹೋಗಿದ್ದರು.

“ಅಕ್ಕ ಅಷ್ಟು ಹೇಳಿದ್ರಲ್ಲ!” ಪಟಾಕಿ ಸಿಡಿದೇಬಿಟ್ಟಳು. “ಇನ್ಮೇಲೆ ನಿನ್ನನ್ನ ಯಾರೂ ಏನೂ ಕೇಳ್ಬೇಕಾಗಿಲ್ಲ ಅಜ್ಜಿ!”

ಅಜ್ಜಿ “ಹೌದಲ್ವಾ, ಬೇಕಾಗಿಲ್ಲ” ಎಂದು ಗೋಡೆ ಹಿಡಿದುಕೊಂಡು ಹಾಲ್‌ಗೆ ಹೋದಳು.

ಅಮ್ಮ ಕೇಕನ್ನು ನೋಡಿ ಲೊಚಗುಟ್ಟಿದಳು. “ಒಮ್ಮೆ ಕುಸಿದ್ರೆ ಮತ್ತೆ ಉಬ್ಬಲ್ಲ ಕಣೇ. ಅಳ್ಬೇಡ, ಇನ್ನೊಂದು ಸಲ ಕಲೆಸೋಣ.”

ಎರಡನೇ ಕೇಕು ಓವನ್ ಸೇರಿತು. ಅಮ್ಮ ವಾಷಿಂಗ್ ಮಷಿನ್ ಹಾಕಿದಳು. ಅಪ್ಪ ಇನ್ನೊಂದು ಅಂಗಿಗೆ ಇಸ್ತ್ರಿ ಹಿಡಿದ. ಯಾರೂ ಕೂಗಲಿಲ್ಲ, ಯಾರೂ ತಾಳಲಿಲ್ಲ.

ಪಟಾಕಿ ಹಾಲ್‌ಗೆ ಇಣುಕಿದಳು. ಮಷಿನ್ ಗುರ್ ಎಂದಾಗ ಅಜ್ಜಿ ತಟ್ಟನೆ ತಲೆ ಎತ್ತಿದಳು. ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು. ಮಡಿಲಲ್ಲಿದ್ದ ಕೈಗಳನ್ನು ನೋಡುತ್ತಾ ಕೂತಳು.

ಪಟಾಕಿಗೆ ಮನೆಯಲ್ಲಿ ಇಷ್ಟು ಜನರಿದ್ದೂ ಅಜ್ಜಿ ಒಬ್ಬಳೇ ಇದ್ದಂತೆ ಕಂಡಿತು.

“ಅಜ್ಜಿ, ಕೇಕ್ ಬೆಂದಿದ್ಯಾ ನೋಡು ಬಾ. ನಂಗೆ ಗೊತ್ತಾಗಲ್ಲ.”

“ಅಯ್ಯೋ, ನಾನು ಅದರ ತಂಟೆಗೇ ಬರಲ್ಲಪ್ಪ!”

“ಸ್ವಿಚ್ ಮುಟ್ಬೇಡ. ನಾನು ಬಾಗಿಲು ತೆಗೀತೀನಿ, ನೀನು ಕಡ್ಡಿ ಚುಚ್ಚಿ ನೋಡು.” ಪಟಾಕಿ ಅಜ್ಜಿಯ ಕೈ ಹಿಡಿದಳು. “ಸಾರಿ ಅಜ್ಜಿ.”

“ಸಾರಿ ಆಮೇಲೆ. ಮೊದ್ಲು ಕಡ್ಡಿ ಹುಡುಕು,” ಎಂದು ಅಜ್ಜಿ ಎದ್ದೇಬಿಟ್ಟಳು.

ಕೇಕಿನ ಮೇಲ್ಭಾಗ ಹೊಂಬಣ್ಣಕ್ಕೆ ತಿರುಗಿ ಚೆಂದವಾಗಿ ಉಬ್ಬಿತ್ತು. ಆಯಿತು ಎಂದೇ ಪಟಾಕಿ ಅಂದುಕೊಂಡಿದ್ದಳು. ಆದರೆ ಅಜ್ಜಿ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟಿಕೊಂಡು ಬಂತು.

“ಒಳಗಿನ್ನೂ ಹಸಿ. ಮುಚ್ಚು ಬಾಗಿಲು, ಬೇಗ!”

ಪಟಾಕಿ ಓವನ್ ಮುಂದೆಯೇ ಒಂದು ಕುರ್ಚಿ ತಂದು ಹಾಕಿದಳು. ಅಜ್ಜಿ ಕೂತಳು. ಅವಳ ಮಂಡಿಗೆ ಒರಗಿ ಪಟಾಕಿ ನೆಲದ ಮೇಲೆ ಕೂತಳು. ಇಬ್ಬರೂ ಕಣ್ಣು ಮಿಟುಕಿಸದೆ ಗಾಜಿನೊಳಗೆ ನೋಡತೊಡಗಿದರು.

ಹೊತ್ತಾಯಿತೆಂದು ಓವನ್ ಟಿಣ್ ಎಂದಿತು.

ಪಟಾಕಿ ಏಳಲಿಲ್ಲ. ತಲೆ ಎತ್ತಿ ಅಜ್ಜಿಯ ಮುಖ ನೋಡಿ, “ತೆಗೀಲಾ ಅಜ್ಜಿ?” ಎಂದಳು.